ಗೌರವಕ್ಕೆ ಸತ್ಯದ ಭಯವೇಕೆ?

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮುಂದೆ ಐದನೆಯ ಜಾರ್ಜ್ ದೊರೆಯಾದ ಅಂದಿನ ಯುವರಾಜನು 1906ರಲ್ಲಿ ಅದನ್ನು ಅನಾವರಣಗೊಳಿಸಿದನು. ಅದನ್ನು ರೂಪಿಸಿದ ಶಿಲ್ಪಿ ಇಂಗ್ಲೆಂಡಿನ ಥಾಮಸ್ ಬ್ರಾಕ್. ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಆ ದಾರಿಯಾಗಿ ನಡೆದುಹೋಗುವಾಗ ನಾನು ಎಷ್ಟೋ ಸಲ ಅದರ ಮುಂದೆ ನಿಂತಿದ್ದೇನೆ. ರಾಣಿ ತನ್ನ ಜೀವಮಾನದಲ್ಲಿ ಒಮ್ಮೆಯೂ ಭಾರತಕ್ಕೆ ಬಂದವಳಲ್ಲ. ನಮ್ಮ ಹಿರಿಯರು ಇಲ್ಲಿ ಕಂಡದ್ದು ಆಕೆಯನ್ನಲ್ಲ, ಆಕೆಯ ಬಿಂಬವನ್ನು. ಆ ಬಿಂಬದಲ್ಲಿ ದಣಿವಿಲ್ಲ, ಸಂದೇಹವಿಲ್ಲ, ಆಳಿಸಿಕೊಂಡವರ ನೋವಿನ ಸುಳಿವೂ ಇಲ್ಲ.

ಆಳುವವರನ್ನು ಗೌರವಿಸುವ ಕಲೆಯ ರೀತಿ ಬಹುಕಾಲ ಹೀಗೆಯೇ ಇತ್ತು. ಆದರೆ ಅದೇ ಬ್ರಿಟನ್ನಿನಲ್ಲಿ ನಮ್ಮ ಕಾಲದ ಕಲಾವಿದರು ರಾಜಮನೆತನವನ್ನು ಚಿತ್ರಿಸಿರುವ ಬಗೆಯನ್ನು ನೋಡುವಾಗ ಒಂದು ನೈತಿಕ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ಗೌರವಿಸುವುದೆಂದರೆ ಕೊರತೆಗಳನ್ನು ಮರೆಮಾಡುವುದೇ? ಅಥವಾ ಇದ್ದದ್ದನ್ನು ಇದ್ದಂತೆಯೇ ಕಂಡು, ಆ ಬಳಿಕವೂ ತಲೆಬಾಗುವುದೇ?

2001ರ ಡಿಸೆಂಬರಿನಲ್ಲಿ ಲೂಸಿಯನ್ ಫ್ರಾಯ್ಡ್ ಎಂಬ ಚಿತ್ರಕಾರ ರಚಿಸಿದ ಎರಡನೆಯ ಎಲಿಜಬೆತ್ ರಾಣಿಯ ಭಾವಚಿತ್ರ ಬಹಿರಂಗಗೊಂಡಿತು. 1922ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಫ್ರಾಯ್ಡ್, ನಾತ್ಸಿಗಳ ಯೆಹೂದಿ ದ್ವೇಷದಿಂದ ಪಾರಾಗಿ 1933ರಲ್ಲಿ ಕುಟುಂಬದೊಂದಿಗೆ ಬ್ರಿಟನ್ನಿಗೆ ಬಂದವರು. ತಮಗೆ ಆಶ್ರಯ ಕೊಟ್ಟ ನಾಡಿನ ರಾಣಿಗೆ ಆ ಚಿತ್ರವನ್ನು ಅವರು ಕಾಣಿಕೆಯಾಗಿ ಒಪ್ಪಿಸಿದರು. ಅದು ಸುಮಾರು 23 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲದ ಪುಟ್ಟ ಚಿತ್ರ. ನಮ್ಮ ಮನೆಗಳ ಪ್ರಾರ್ಥನಾ ಪುಸ್ತಕವೊಂದನ್ನು ತೆರೆದಿಟ್ಟಷ್ಟೇ ದೊಡ್ಡದು. ವಜ್ರದ ಕಿರೀಟಕ್ಕೆ ಜಾಗ ಸಾಲದೆ, ಚಿತ್ರಪಟದ ಮೇಲ್ತುದಿಗೆ ಇನ್ನೊಂದು ಪಟ್ಟಿಯನ್ನು ಜೋಡಿಸಬೇಕಾಯಿತು. ಆ ಕಿರೀಟದ ಕೆಳಗಿರುವುದು ಎಪ್ಪತ್ತೈದು ವರ್ಷದ ಹೆಂಗಸೊಬ್ಬಳ ಮುಖ. ಜೋತುಬಿದ್ದ ಕೆನ್ನೆ, ಬಿಗಿದ ತುಟಿ, ಕರ್ತವ್ಯದ ಭಾರವನ್ನು ಹೊತ್ತು ಬಳಲಿದ ಕಣ್ಣು.

ಪತ್ರಿಕೆಗಳಲ್ಲಿ ಹಲವು ಆ ಚಿತ್ರವನ್ನು ಗೇಲಿಮಾಡಿದವು. ಇದು ರಾಣಿಗೆ ಮಾಡಿದ ಅವಮಾನವೆಂದು ಅನೇಕರಿಗೆ ಅನ್ನಿಸಿತು. ಇನ್ನು ಕೆಲವರು ಅದನ್ನು ಪ್ರಾಮಾಣಿಕ, ಧೀರ ಕೃತಿಯೆಂದು ಹೊಗಳಿದರು. ನನಗೆ ಅದರಲ್ಲಿ ಅವಮಾನ ಕಾಣಿಸುವುದಿಲ್ಲ. ಐವತ್ತು ವರ್ಷ ಒಂದೇ ಹೊಣೆಯನ್ನು ಹೊತ್ತವರ ಮುಖದ ಮೇಲೆ ಆ ಹೊಣೆಯ ಗುರುತು ಇರಲೇಬೇಕಲ್ಲವೇ? ಆ ಗುರುತನ್ನು ಅಳಿಸಿಹಾಕಿದರೆ, ಆಕೆ ಪಟ್ಟ ಶ್ರಮವನ್ನೇ ಅಳಿಸಿಹಾಕಿದಂತೆ.

ಆದರೂ ಸತ್ಯವನ್ನು ನುಂಗುವುದು ಸುಲಭವಲ್ಲ. 1954ರಲ್ಲಿ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಪಾರ್ಲಿಮೆಂಟಿನ ಉಭಯ ಸದನಗಳು ಗ್ರಹಾಂ ಸದರ್ಲ್ಯಾಂಡ್ ಎಂಬ ಕಲಾವಿದರಿಂದ ಭಾವಚಿತ್ರ ಬರೆಸಿ ಅರ್ಪಿಸಿದವು. ಚರ್ಚಿಲ್ ಅರಸರಲ್ಲದಿದ್ದರೂ ಯುದ್ಧಕಾಲದ ಬ್ರಿಟನ್ನಿಗೆ ನಾಡಿನ ಮುಖವೇ ಆಗಿದ್ದವರು. ಮುಪ್ಪಿನಿಂದ ಕುಸಿದ ದೇಹವನ್ನು ಕಲಾವಿದ ಮುಚ್ಚಿಡಲಿಲ್ಲ. ಚರ್ಚಿಲ್ಲರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಅದನ್ನು ಎಲ್ಲಿಯೂ ತೂಗುಹಾಕಲಿಲ್ಲ. ಅವರ ಪತ್ನಿಯ ಇಚ್ಛೆಯಂತೆ ಚಿತ್ರವನ್ನು ಸುಟ್ಟುಹಾಕಲಾಗಿತ್ತೆಂಬ ಸಂಗತಿ ಜಗತ್ತಿಗೆ ತಿಳಿದದ್ದು, ಆಕೆ ತೀರಿಕೊಂಡ ಮೇಲೆ, 1978ರಲ್ಲಿ. ಗಂಡನ ಮೇಲಿನ ಪ್ರೀತಿಯಿಂದಲೇ ಆಕೆ ಹಾಗೆ ನಡೆದುಕೊಂಡಿರಬೇಕು. ಆ ಪ್ರೀತಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಮುಪ್ಪನ್ನು ಕ್ಷಮಿಸಲಾರದ ಪ್ರೀತಿ, ಮುಪ್ಪಾದ ಮನುಷ್ಯನನ್ನು ಪೂರ್ತಿ ಒಪ್ಪಿಕೊಂಡಿದೆಯೇ ಎಂದು ಕೇಳದಿರಲೂ ಆಗುವುದಿಲ್ಲ.

ಒಬ್ಬ ವ್ಯಕ್ತಿಯ ಮುಖಕ್ಕೆ ಅನ್ವಯಿಸುವ ಈ ಮಾತು ಒಂದು ನಾಡಿನ ಮುಖಕ್ಕೂ ಅನ್ವಯಿಸುತ್ತದೆ. ಹ್ಯೂ ಲಾಕ್ ಎಂಬ ಕಲಾವಿದರು 1959ರಲ್ಲಿ ಎಡಿನ್‌ಬರೋದಲ್ಲಿ ಜನಿಸಿ, ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ ಬೆಳೆದವರು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು, ಹೂಗಳು, ಹಲ್ಲಿಗಳು, ಕತ್ತಿಗಳು, ಇವುಗಳನ್ನೇ ಒತ್ತೊತ್ತಾಗಿ ಜೋಡಿಸಿ ಅವರು ಎಲಿಜಬೆತ್ ರಾಣಿಯ ದೊಡ್ಡ ಮುಖಗಳನ್ನು ರಚಿಸಿದರು. ಅವುಗಳಲ್ಲಿ 2005ರ ಒಂದು ಕೃತಿಯ ಹೆಸರು 'ಕೊಹಿನೂರ್'. ಆ ಹೆಸರನ್ನು ಕೇಳಿದ ಭಾರತೀಯನಿಗೆ ವಿವರಣೆ ಬೇಕಿಲ್ಲ. ದೂರದಿಂದ ನೋಡಿದರೆ ವೈಭವ, ಹತ್ತಿರ ಹೋದರೆ ಆ ವೈಭವ ಎಲ್ಲೆಲ್ಲಿಂದ ಬಂತೆಂಬ ಪ್ರಶ್ನೆ.

2022ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ವಿಕ್ಟೋರಿಯಾ ಪ್ರತಿಮೆಯ ಸುತ್ತ ಲಾಕ್ ಅವರು ಒಂದು ದೋಣಿಯನ್ನು ಕಟ್ಟಿ, ಅದರಲ್ಲಿ ರಾಣಿಯ ಚಿಕ್ಕ ಪ್ರತಿಕೃತಿಗಳನ್ನು ನಿಲ್ಲಿಸಿದರು. ಸಾಮ್ರಾಜ್ಯದ ಮೂಲೆಮೂಲೆಗೆ ಹಡಗಿನಲ್ಲಿ ಸಾಗಿದ ಪ್ರತಿಮೆಗಳ ನೆನಪು ಅದು. ಆ ಪ್ರತಿಮೆಯ ಮೂಲ ಶಿಲ್ಪಿಯೂ ನಮ್ಮ ಕಬ್ಬನ್ ಉದ್ಯಾನದ ಪ್ರತಿಮೆಯನ್ನು ಮಾಡಿದ ಥಾಮಸ್ ಬ್ರಾಕ್ ಅವರೇ! ಲಾಕ್ ಪ್ರತಿಮೆಯನ್ನು ಕೆಡವಲಿಲ್ಲ, ಅದಕ್ಕೆ ಮಸಿ ಬಳಿಯಲಿಲ್ಲ. ಅದು ಹೇಳದೆ ಬಿಟ್ಟ ಕಥೆಯನ್ನು ಅದರ ಪಕ್ಕದಲ್ಲಿಯೇ ನಿಲ್ಲಿಸಿದರು. ಮರುವರ್ಷ, 2023ರಲ್ಲಿ, ಅದೇ ಬ್ರಿಟನ್ನು ಅವರಿಗೆ ರಾಜಗೌರವವನ್ನು ನೀಡಿತು. ತನ್ನನ್ನು ಪ್ರಶ್ನಿಸಿದವನನ್ನು ತನ್ನವನೆಂದು ಕರೆಯಬಲ್ಲ ನಾಡಿನ ಅಭಿಮಾನ, ಹೊಗಳಿಕೆಯನ್ನಷ್ಟೇ ಬಯಸುವ ನಾಡಿನ ಅಭಿಮಾನಕ್ಕಿಂತ ಗಟ್ಟಿಯಾದದ್ದು.

ಹಾಗಾದರೆ ಎಲ್ಲವನ್ನೂ ಬಯಲಿಗೆ ಎಳೆಯುವುದೇ ಸತ್ಯವೋ? ಅಲ್ಲ. 2023ರ ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ನಡೆಯಿತು. ಜೆರುಸಲೇಮಿನಲ್ಲಿ ಪವಿತ್ರೀಕರಿಸಿ ತಂದ ತೈಲದಿಂದ ಆತನನ್ನು ಅಭಿಷೇಕಿಸುವ ಕ್ಷಣದಲ್ಲಿ ಸುತ್ತಲೂ ತೆರೆಗಳನ್ನು ಹಿಡಿಯಲಾಯಿತು. ಕೋಟ್ಯಂತರ ಜನ ನೋಡುತ್ತಿದ್ದ ಟಿವಿ ಕ್ಯಾಮೆರಾಗಳಿಗೆ ಆ ಕ್ಷಣ ಕಾಣಿಸಲಿಲ್ಲ. ಪ್ರತಿಮಾ ಚಿತ್ರಕಾರ ಏಡನ್ ಹಾರ್ಟ್ ವಿನ್ಯಾಸಗೊಳಿಸಿದ ಆ ತೆರೆಯ ಮೇಲೆ ಕಸೂತಿಯ ಒಂದು ಮರ. ಅದರಲ್ಲಿ ಕಾಮನ್‌ವೆಲ್ತ್‌ನ 56 ದೇಶಗಳಿಗೆ 56 ಎಲೆಗಳು. ಗಣರಾಜ್ಯವಾದ ನಮ್ಮ ಭಾರತವೂ ಅವುಗಳಲ್ಲಿ ಒಂದು. ಮುಪ್ಪನ್ನು ಮರೆಮಾಡುವ ತೆರೆ ಬೇರೆ, ದೇವರ ಮುಂದೆ ಬರಿಗೈಯಲ್ಲಿ ನಿಂತ ಮನುಷ್ಯನನ್ನು ಮರೆಮಾಡುವ ತೆರೆ ಬೇರೆ. ಮೊದಲನೆಯದು ಸುಳ್ಳನ್ನು ಕಾಯುತ್ತದೆ. ಎರಡನೆಯದು ಪಾವಿತ್ರ್ಯವನ್ನು ಕಾಯುತ್ತದೆ.

ಅದೇ ದೊರೆಯ ಭಾವಚಿತ್ರವನ್ನು ಜೊನಾಥನ್ ಯೋ ಎಂಬ ಕಲಾವಿದರು ರಚಿಸಿದರು; 2024ರ ಮೇ ತಿಂಗಳಿನಲ್ಲಿ ಅದು ಅನಾವರಣಗೊಂಡಾಗ ಮತ್ತೆ ಚರ್ಚೆ ಎದ್ದಿತು. ಎಂಟೂವರೆ ಅಡಿ ಎತ್ತರದ ಆ ಚಿತ್ರವೆಲ್ಲ ಕೆಂಪು. ಸಮವಸ್ತ್ರವೂ ಹಿನ್ನೆಲೆಯೂ ಒಂದರಲ್ಲೊಂದು ಕರಗಿಹೋಗಿ, ಮುಖ ಮತ್ತು ಕೈಗಳು ಮಾತ್ರ ಎದ್ದುಕಾಣುತ್ತವೆ. ಭುಜದ ಬಳಿ ಒಂದು ಚಿಟ್ಟೆ; ಯುವರಾಜನು ದೊರೆಯಾದ ರೂಪಾಂತರದ ಸಂಕೇತ. ಆ ಕೆಂಪಿನಲ್ಲಿ ಕೆಲವರು ರಕ್ತವನ್ನು ಕಂಡರು, ಕೆಲವರು ಬೆಂಕಿಯನ್ನು, ಇನ್ನು ಕೆಲವರು ತೇಜಸ್ಸನ್ನು. ಅವರವರು ತಮ್ಮ ಮನಸ್ಸಿನಲ್ಲಿ ಅರಸೊತ್ತಿಗೆಯ ಬಗ್ಗೆ ಏನಿತ್ತೋ ಅದನ್ನೇ ಅಲ್ಲಿ ಕಂಡರೆನ್ನಬಹುದು.

ನಾಣ್ಯವೊಂದನ್ನು ತರಿಸಿ, ಇದರ ಮೇಲಿರುವ ಮುಖ ಯಾರದೆಂದು ಯೇಸುಸ್ವಾಮಿ ಕೇಳಿದ ಪ್ರಸಂಗ ನಿಮಗೆ ನೆನಪಿರಬಹುದು. ಆ ಮುಖ ಸೀಸರನದು. ಅವರು ಆ ನಾಣ್ಯವನ್ನು ಬಿಸಾಡಲಿಲ್ಲ, ಪೂಜಿಸಲೂ ಇಲ್ಲ. ಸೀಸರನಿಗೆ ಸಲ್ಲಬೇಕಾದುದಕ್ಕೆ ಒಂದು ಎಲ್ಲೆಯನ್ನು ಎಳೆದರು. ಅರಸನ ಮುಖಕ್ಕೂ ನಾಡಿನ ಧ್ವಜಕ್ಕೂ ನಾವು ಸಲ್ಲಿಸುವ ಗೌರವ ಆ ಎಲ್ಲೆಯೊಳಗೆ ಇರುವವರೆಗೆ ಒಳ್ಳೆಯದೇ. ಸತ್ಯವನ್ನೇ ಬಲಿಕೊಡು ಎಂದು ಅದು ಕೇಳತೊಡಗಿದಾಗ, ಎಲ್ಲೆ ದಾಟಿತೆಂದು ತಿಳಿಯಬೇಕು.

ಇದೆಲ್ಲ ದೂರದ ಅರಮನೆಗಳ ವಿಷಯವೆಂದು ನಿಮಗೆ ಅನ್ನಿಸಬಹುದು. ಕೆಲವು ವರ್ಷಗಳ ಹಿಂದೆ, ಅಜ್ಜಿಯೊಬ್ಬರ ವರ್ಷದ ಪೂಜೆಯ ಬಳಿಕ ನಾನು ಆ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಅವರ ದೊಡ್ಡ ಫೋಟೋ ಇತ್ತು. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಸುಕ್ಕುಗಳನ್ನೆಲ್ಲ ತೆಗೆದು, ಅವರು ಎಂದೂ ಉಡದಿದ್ದ ರೇಷ್ಮೆ ಸೀರೆಯನ್ನು ಉಡಿಸಿದ್ದರು. ಮೊಮ್ಮಗಳು ನನ್ನ ಪಕ್ಕಕ್ಕೆ ಬಂದು, "ಫಾದರ್, ಇವರು ನಮ್ಮ ಅಜ್ಜಿಯಲ್ಲ" ಎಂದಳು. ಮನೆಯವರು ಮುಜುಗರದಿಂದ ನಕ್ಕರು. ಮುಂದಿನ ಸಲ ಹೋದಾಗ ಆ ದೊಡ್ಡ ಫೋಟೋದ ಪಕ್ಕದಲ್ಲಿ ಇನ್ನೊಂದು ಚಿಕ್ಕ ಫೋಟೋ ತೂಗುತ್ತಿತ್ತು. ಅದರಲ್ಲಿ ಅಜ್ಜಿ ಹಿತ್ತಿಲಲ್ಲಿ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದರು. ಮುಖದ ತುಂಬ ಸುಕ್ಕು, ಮಾಸಿದ ಹತ್ತಿಯ ಸೀರೆ.

ಪ್ರಿಯ ಓದುಗರೇ, ನೀವು ಗೌರವಿಸುವವರ ಚಿತ್ರ ನಿಮ್ಮ ಮನೆಯ ಗೋಡೆಯ ಮೇಲೆ ಇರಬಹುದು, ಮನಸ್ಸಿನಲ್ಲಿಯೂ ಇರಬಹುದು. ಅದು ತಂದೆಯದೋ, ಗುರುವಿನದೋ, ನಾಯಕನದೋ, ನಾಡಿನದೋ ಆಗಿರಲಿ, ಒಮ್ಮೆ ಅದರ ಮುಂದೆ ನಿಂತು ಆ ಮಗುವಿನ ಕಣ್ಣಿನಿಂದ ನೋಡಿರಿ. ಸುಕ್ಕುಗಳನ್ನು ಕಂಡಮೇಲೂ ನಿಮ್ಮ ಗೌರವ ಉಳಿದರೆ, ಅದು ನಿಜವಾಗಿಯೂ ಅವರಿಗೆ ಸಲ್ಲುವ ಗೌರವ.