ನೋಡುವವನ ಪಾಲು

ಮುಷ್ಟಿಕಾಳಗವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಆಡುವ ಮಾತೊಂದುಂಟು: ಕಣಕ್ಕೆ ಇಳಿದವರು ತಿಳಿದೇ ಇಳಿದವರು, ಅವರನ್ನು ಯಾರೂ ಎಳೆದು ತಂದಿಲ್ಲ. ಮಾತು ನ್ಯಾಯವಾಗಿಯೇ ತೋರುತ್ತದೆ. ಆದರೆ ಈ ಒಪ್ಪಿಗೆಯೆಂಬುದು ಎಷ್ಟು ದೂರ ನಡೆದೀತು?

ಓಟಗಾರನ ಕಾಲು ಮುರಿದರೆ ಮುರಿದದ್ದು ಅವನಿಗೆ ತಿಳಿಯುತ್ತದೆ. ಮಿದುಳಿನ ಸಂಗತಿ ಬೇರೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಈ ಮೆತ್ತನೆಯ ವಸ್ತು ದವಡೆಗೆ ಬಿದ್ದ ಗುದ್ದಿಗೆ ಗಕ್ಕನೆ ಹೊರಳುತ್ತದೆ. ಅದರ ಸೂಕ್ಷ್ಮ ತಂತುಗಳು ಜಗ್ಗಿಹೋಗುತ್ತವೆ. ಕೈಗವಸು ಕಾಪಾಡುವುದು ಗುದ್ದುವವನ ಬೆರಳುಗಳನ್ನು, ಗುದ್ದಿಸಿಕೊಂಡವನ ಮಿದುಳನ್ನಲ್ಲ. ಹಳೆಯ ಮುಷ್ಟಿಮಲ್ಲರ ತಡವರಿಸುವ ನಡೆಯನ್ನೂ ಬುದ್ಧಿಯ ಮಂಕನ್ನೂ ಕುರಿತು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲಂಡ್ ಬರೆದದ್ದು 1928ರಷ್ಟು ಹಿಂದೆ. ಪೆಟ್ಟು ಬಿದ್ದ ದಿನ ಏನೂ ಕಾಣದಿರಬಹುದು. ಸಾಲ ಬಡ್ಡಿಸಮೇತ ವಸೂಲಾಗುವುದು ಎಷ್ಟೋ ವರ್ಷಗಳ ಮೇಲೆ. ಹಾಗಾದರೆ ಇಪ್ಪತ್ತರ ತರುಣನು ಅಡವಿಟ್ಟದ್ದು ತನ್ನ ಸ್ವತ್ತನ್ನೋ, ಐವತ್ತು ದಾಟಿದ ಇನ್ನೊಬ್ಬನ ನೆನಪನ್ನೋ? ಒಪ್ಪಿಗೆ ಕೊಡುವ ಬುದ್ಧಿಯೇ ಪಣಕ್ಕೆ ಬಿದ್ದಾಗ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವವರಾರು?

1962ರ ಮಾರ್ಚ್ 24ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಮಿಲ್ ಗ್ರಿಫಿತ್ ಎಂಬವನು ಹನ್ನೆರಡನೆಯ ಸುತ್ತಿನಲ್ಲಿ ಬೆನ್ನಿ ಪಾರೆಟ್‌ನನ್ನು ಮೂಲೆಗೆ ಒತ್ತಿ, ಮೇಲಿಂದ ಮೇಲೆ ತಲೆಗೆ ಗುದ್ದಿದನು. ಜನ ಅದನ್ನು ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿಯೂ ನೋಡುತ್ತಿದ್ದರು. ಪಾರೆಟ್ ಏಪ್ರಿಲ್ 3ರಂದು, ಪ್ರಜ್ಞೆ ಮರಳದೆಯೇ, ತೀರಿಕೊಂಡನು. ಗೆದ್ದ ಗ್ರಿಫಿತ್ ಆ ರಾತ್ರಿಯನ್ನು ಮರೆಯಲಾರದೆ ಬಾಳಿದನು. ಕೊನೆಗಾಲದಲ್ಲಿ ಅವನನ್ನೂ ಮುಷ್ಟಿಮಲ್ಲರ ಮರೆವಿನ ಬೇನೆಯೇ ಹಿಡಿಯಿತು. 2013ರಲ್ಲಿ ಅವನೂ ಹೋದನು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಬಲ್ಲೆವಷ್ಟೆ. ಇಲ್ಲಿ ಕಣದೊಳಗಿನ ಇಬ್ಬರೂ ಇಲಿಗಳೇ. ಬೆಕ್ಕು ಹಗ್ಗದ ಹೊರಗೆ ಕುರ್ಚಿಯಲ್ಲಿ ಕುಳಿತಿತ್ತು.

ಆಟದಲ್ಲಿ ಅಪಾಯವೇ ಇರಬಾರದೆಂದು ಯಾರೂ ಹೇಳರು. ಬೆಟ್ಟ ಹತ್ತುವವನೂ ಬಿದ್ದಾನು. ಆದರೆ ಬೀಳುವುದು ಅವನ ಗುರಿಯಲ್ಲ. ವೃತ್ತಿಯ ಮುಷ್ಟಿಕಾಳಗದಲ್ಲಾದರೋ ಎದುರಾಳಿಯ ಪ್ರಜ್ಞೆ ತಪ್ಪಿಸುವುದೇ ಗೆಲುವಿನ ಶಿಖರ. ಆ ಶಿಖರಕ್ಕೆ ಬೆಲೆ ಕಟ್ಟಿದವರು ಟಿಕೆಟು ಕೊಂಡವರು. ಒಪ್ಪಿಗೆ ಅವನದಿರಬಹುದು, ಬೇಡಿಕೆ ನಮ್ಮದು. ತೂರಾಡುತ್ತಿರುವವನನ್ನು ಕಂಡು ತೀರ್ಪುಗಾರನು ಪಂದ್ಯವನ್ನು ಬೇಗನೆ ನಿಲ್ಲಿಸಿದರೆ ಸಭೆ ಅವನನ್ನೇ ಹೀಯಾಳಿಸುವುದುಂಟು. ಆಟವನ್ನು ನಿಷೇಧಿಸುವುದು, ಬಿಡುವುದು ಸರಕಾರಗಳಿಗೆ ಸೇರಿದ್ದು. ಆ ಹೀಯಾಳಿಕೆಯನ್ನು ನುಂಗಿಕೊಂಡು, ನಿಲ್ಲಿಸಿದವನಿಗೆ ಚಪ್ಪಾಳೆ ತಟ್ಟುವುದು ಮಾತ್ರ ನಮಗೇ ಸೇರಿದ್ದು.