ತಳ ಕದಡಬೇಡ

ನಾನು ಸೊಸೆಯಾಗಿ ವರ್ತೂರಿಗೆ ಬಂದ ಹೊಸತರಲ್ಲಿ, ಮಳೆಗಾಲದ ಕೆನ್ನೀರನ್ನು ಅತ್ತೆ ಹಂಡೆಗೆ ತುಂಬಿ ಪಟಿಕದ ತುಂಡನ್ನು ನಾಲ್ಕು ಸುತ್ತು ಆಡಿಸಿಡುತ್ತಿದ್ದರು. ಮೊದಲು ಮರಳು ಕೂರುತ್ತಿತ್ತು. ನಯವಾದ ಜೇಡಿ ತೇಲುತ್ತಲೇ ಇದ್ದು, ಪಟಿಕ ತಗುಲಿದ ಮೇಲೆ ಒಂದಕ್ಕೊಂದು ಅಂಟಿ, ಭಾರವಾಗಿ ಇಳಿಯುತ್ತಿತ್ತು. ಬೆಳಗ್ಗೆ ಕನ್ನಡಿಯಂಥ ನೀರು. “ಮೇಲುಮೇಲಿಂದ ಮೊಗೆದುಕೊ, ತಳ ಕದಡಬೇಡ” ಎನ್ನುತ್ತಿದ್ದರು. ಸಂಸಾರವೆಂದರೂ ಇಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ.

ಒಂದು ಮದುವೆ ಮನೆಯಲ್ಲಿ ನಾದಿನಿ ನನ್ನ ತವರಿನ ಬಗ್ಗೆ ಒಂದು ಮಾತು ಅಂದಳು. ನಾನು ಎದುರಾಡಲಿಲ್ಲ. ಅವಳು ಹಬ್ಬಕ್ಕೆ ಬಂದರೆ ಬಡಿಸಿದೆ, ಹೊರಟಾಗ ಕುಂಕುಮ ಕೊಟ್ಟೆ. ತಾಳ್ಮೆಯವಳೆಂದು ಹೆಸರಾಯಿತು. ಆದರೆ ಸುಮ್ಮನಿರುವುದೇ ಕ್ಷಮಿಸುವುದೇ?

ಈ ಪ್ರಶ್ನೆ ಎತ್ತಿದ್ದು ನಮ್ಮೂರ ಕೆರೆ. 2015ರಲ್ಲಿ ಕೋಡಿಯಿಂದ ನೊರೆ ಎದ್ದು ರಸ್ತೆಗೆ ಹಾರಿತು. ಮೇಲಿನ ಬೆಳ್ಳಂದೂರು ಕೆರೆಯ ನೊರೆಯನ್ನು ಅಭ್ಯಾಸ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯವರು ಕಾರಣ ಹೇಳಿದ್ದಾರೆ. ನಾವು ಬಟ್ಟೆ ಒಗೆದ ಸೋಪಿನ ಪುಡಿಯ ಅಂಶ ಹೂಳಿಗೆ ಅಂಟಿ ತಳದಲ್ಲಿ ಕೂತಿರುತ್ತದೆ. ಜೋರು ಮಳೆ ಬಂದು ಹೂಳು ಕದಡಿದಾಗ ಮತ್ತೆ ಮೇಲೇಳುತ್ತದೆ. ಹೂಳಿನ ಕಣ ನಯವಾದಷ್ಟೂ ಅಂಟಿಸಿಕೊಳ್ಳುವ ಗುಣ ಹೆಚ್ಚು.

ಇದೇ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಅಲ್ಲಿ ಪಟಿಕದ ಕೆಲಸವನ್ನು ಉಪ್ಪು ಮಾಡುತ್ತದೆ. ಜೇಡಿ ಒಟ್ಟುಗೂಡಿ ಇಳಿಯುತ್ತದೆ. ದಡದಿಂದ ಬಹುದೂರ, ಆಳದ ಕಡಲಿನಲ್ಲಿ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಜೇಡಿ ಕೂರುತ್ತದಂತೆ. ಸಮುದ್ರಕ್ಕೆ ಅಷ್ಟು ಪುರಸೊತ್ತು, ಅಷ್ಟು ಆಳ. ನಮಗೆ ಎರಡೂ ಇಲ್ಲ.

ಹಿಂದೆಲ್ಲ ಬೇಸಿಗೆಯಲ್ಲಿ ಕೆರೆ ಬತ್ತಿದರೆ ರೈತರು ಗೋಡು ತೋಡಿ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಅದೇ ಗೊಬ್ಬರ. ಹೂಳು ಕೂತದ್ದು ತಪ್ಪಲ್ಲ, ಕಾಲಕಾಲಕ್ಕೆ ಎತ್ತದೆ ಬಿಟ್ಟದ್ದು ತಪ್ಪು. ಹಸಿರು ನ್ಯಾಯಮಂಡಳಿಯ ಆದೇಶದ ಬಳಿಕ ಕೆರೆಯನ್ನು ಬರಿದು ಮಾಡಿ ಹೂಳೆತ್ತುವಾಗ ದಂಡೆಯ ಮೇಲೆ ನಿಂತು ನೋಡಿದೆ. ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದರಲ್ಲಿ ನನ್ನ ಬಚ್ಚಲ ನೀರೂ ಇತ್ತು.

ಅಂದು ಸಂಜೆ ನಾದಿನಿಗೆ ಫೋನ್ ಮಾಡಿ ಆ ಹಳೆಯ ಮಾತನ್ನು ನೆನಪಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಾದ ಮೇಲೆ ಮೂರು ವರ್ಷ ನೀವು ನಮ್ಮ ಹೊಸ್ತಿಲು ತುಳಿಯಲಿಲ್ಲವಲ್ಲ ಅತ್ತಿಗೆ” ಎಂದಳು.

ನನಗೆ ಅದರ ಲೆಕ್ಕವೇ ಇರಲಿಲ್ಲ. ಅವಳಿಗಿತ್ತು.