ಮುಖವಿಲ್ಲದ ಹೆಂಗಸು

ಟಾಮ್ ಮತ್ತು ಜೆರ್ರಿಯ ಜಗಳ ನೋಡದ ಮಕ್ಕಳು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಮಕ್ಕಳ ಜೊತೆ ಕೂತು ನಾವೂ ನಕ್ಕವರೇ. ಅದರ ಹಳೆಯ ಚಿತ್ರಗಳಲ್ಲಿ ಒಬ್ಬ ಹೆಂಗಸು ಬರುತ್ತಾಳೆ, ನೆನಪಿದೆಯೇ? ಕೈಯಲ್ಲಿ ಪೊರಕೆ, ಕಾಲಲ್ಲಿ ಚಪ್ಪಲಿ, ಸೊಂಟಕ್ಕೆ ಏಪ್ರನ್. ಬೆಕ್ಕನ್ನು ಗದರಿಸುತ್ತಾಳೆ, ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳ ಮುಖ ಮಾತ್ರ ಕಾಣುವುದೇ ಇಲ್ಲವೆನ್ನಬೇಕು.

ಹನ್ನಾ ಮತ್ತು ಬಾರ್ಬೆರಾ ಮಾಡಿದ ಈ ಚಿತ್ರಗಳು 1940ರ ಫೆಬ್ರವರಿಯಲ್ಲಿ ಶುರುವಾದವು. 1952ರವರೆಗೂ ಅವಳು ಹೀಗೆಯೇ ಬಂದುಹೋದಳು. ಅಮೆರಿಕದ ಮನೆಗೆಲಸದ ಕಪ್ಪು ಹೆಂಗಸರೆಂದರೆ ಹೀಗೆಯೇ ಎಂದು ಅಲ್ಲಿನವರು ಮಾಡಿಕೊಂಡಿದ್ದ ಸಿದ್ಧ ಅಚ್ಚು ಅದು: ದಪ್ಪ ಮೈ, ಒರಟು ಮಾತು. ಬೆಕ್ಕಿನ ಕಣ್ಣಿಗೆ ಮನುಷ್ಯರ ಕಾಲು ತಾನೇ ಕಾಣುವುದು ಎಂದು ಸಮಜಾಯಿಷಿ ಹೇಳಬಹುದು. ಆದರೆ 1956ರಲ್ಲಿ ಮಗು ನೋಡಿಕೊಳ್ಳಲು ಬಂದು ಸದಾ ಫೋನಿನಲ್ಲೇ ಹರಟುವ ಬಿಳಿಯ ಹುಡುಗಿಗೆ ಅದೇ ಬೆಕ್ಕಿನ ಮುಂದೆ ಮುಖ ಬಂತಲ್ಲ!

ಆ ಹೆಂಗಸಿಗೆ ಧ್ವನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್. ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದೇ 1940ರ ಫೆಬ್ರವರಿಯಲ್ಲಿ ಹ್ಯಾಟಿ ಮೆಕ್‌ಡ್ಯಾನಿಯಲ್ ಅವರಿಗೆ ಆಸ್ಕರ್ ಬಂತು. ಕಪ್ಪು ಜನರಲ್ಲಿ ಆ ಪ್ರಶಸ್ತಿ ಪಡೆದವರಲ್ಲಿ ಅವರೇ ಮೊದಲಿಗರು. ಅವರು ಮಾಡಿದ್ದೂ ಮನೆಗೆಲಸದವಳ ಪಾತ್ರವೇ. ಸಮಾರಂಭದಲ್ಲಿ ಅವರನ್ನು ಕೂರಿಸಿದ್ದು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ. ಪಂಕ್ತಿಭೇದವೆಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

1960ರ ದಶಕದಲ್ಲಿ ಟೀವಿಗಾಗಿ ಕೆಲವು ಚಿತ್ರಗಳನ್ನು ತಿದ್ದಿದರು. ಕಪ್ಪು ಕಾಲಿನ ಜಾಗಕ್ಕೆ ಬಿಳಿಯ ಕಾಲು ಬಂತು, ಧ್ವನಿಯೂ ಬದಲಾಯಿತು. ಅವಮಾನ ತಪ್ಪಿತೆಂದು ಸಮಾಧಾನ ಪಡಬಹುದೇ? ನನಗಂತೂ ಆಗುವುದಿಲ್ಲ. ತಪ್ಪು ಮಾಡಿದ್ದು ಬರೆದವರು. ಅಳಿಸಿಹೋದದ್ದು ಮಾತ್ರ ಆ ಹೆಂಗಸು, ಅವಳ ಜೊತೆಗೆ ಲಿಲಿಯನ್ ಅವರ ದುಡಿಮೆ. 2005ರಲ್ಲಿ ಈ ಚಿತ್ರಗಳ ಡಿವಿಡಿ ಬಂದಾಗ ನಟಿ ವೂಪಿ ಗೋಲ್ಡ್‌ಬರ್ಗ್ ಮುನ್ನುಡಿಯಾಗಿ ನಾಲ್ಕು ಮಾತು ಹೇಳಿದರು. ಈ ಚಿತ್ರಣ ಅಂದೂ ತಪ್ಪು, ಇಂದೂ ತಪ್ಪು. ಆದರೆ ತೆಗೆದುಹಾಕಿದರೆ ಇಂಥ ತಾತ್ಸಾರ ಇರಲೇ ಇಲ್ಲವೆಂದ ಹಾಗಾಗುತ್ತದೆ ಎಂಬುದು ಅದರ ಸಾರ. ಈ ದಾರಿಯೇ ನನಗೆ ಸರಿಯೆನಿಸುತ್ತದೆ. ಪಾಠದಲ್ಲಿ ತಪ್ಪಿದ್ದರೆ ಹಾಳೆ ಹರಿಯುವುದಕ್ಕಿಂತ ಆ ತಪ್ಪನ್ನು ಮಕ್ಕಳಿಗೆ ತೋರಿಸಿ ಹೇಳುವುದು ಮೇಲು.

ನಗುವ ಮಕ್ಕಳ ನಡುವೆ ಈ ಉಪದೇಶವೇಕೆ ಎನ್ನುತ್ತೀರೇನೋ. ನಗಲಿ, ಬೇಡವೆನ್ನುವುದಿಲ್ಲ. ಆದರೆ ನಗುತ್ತ ಕಲಿತದ್ದು ನಾವು ಬೆತ್ತ ಹಿಡಿದು ಕಲಿಸಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಪೊರಕೆ ಹಿಡಿದವಳಿಗೆ ಮುಖ ಬೇಕಿಲ್ಲ ಎಂಬುದೂ ಹಾಗೆ ಕಲಿತ ಪಾಠವೇ. ಚಿತ್ರದಲ್ಲಿ ಒಬ್ಬರನ್ನು ಸೇರಿಸಿದ ಮಾತ್ರಕ್ಕೆ ಅವರಿಗೆ ಸ್ಥಾನ ಕೊಟ್ಟಂತಾಗುವುದಿಲ್ಲ. ಅವರು ಯಾರು, ಅವರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಮನಸ್ಸೂ ಬೇಕು.

ನಮ್ಮ ಮನೆಗಳಿಗೆ ಪಾತ್ರೆ ತೊಳೆಯಲು ಬರುವಾಕೆಯ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆಯೇ? ಅವಳಿಗೆ ಕಾಫಿ ಕೊಡುವ ಲೋಟ ಯಾವುದು? ಮುಂದಿನ ಸಲ ಟಾಮ್ ಓಡುವಾಗ ಮಕ್ಕಳನ್ನು ಕೇಳಿ ನೋಡಿ: ಆ ಅಮ್ಮನ ಮುಖವನ್ನು ಯಾಕೆ ಬರೆಯಲಿಲ್ಲ? ಉತ್ತರಕ್ಕೆ ಅವಸರ ಬೇಡ. ಅವರ ಮರುಪ್ರಶ್ನೆಗೆ ನಾವು ಸಿದ್ಧರಿದ್ದರೆ ಸಾಕು.